ಜಂತಿ ಮ್ಯಾಲಿನ ಹಲ್ಲಿ, ಗಾಜಿನ ಪೆಟ್ಟಿಗೆ ಹಲ್ಲಿ

ಅಕ್ಕಾರೆ, ತಂಗ್ಯಾರೆ, ಈ ಸಲ ಹಲ್ಲಿ ಬಗ್ಗೆ ಬರೀತೀನಿ. ಮುಖ ಸಿಂಡರಿಸಬ್ಯಾಡ್ರಿ. ಒಳಕಲ್ಲಿನ ಬಗ್ಗೆ ಓದಿದ್ರಿ, ಕಸಬರಿಗಿ ಬಗ್ಗೆ ಓದಿದ್ರಿ, ಇದನ್ನೂ ಓದ್ರಿ. ಅಜ್ಜಿ, ಮುತ್ತಜ್ಜಿ ಕಾಲದಿಂದ ಬಾಡಿಗೆ ಕೊಡದಂಗೆ ನಮ್ಮ ಮನ್ಯಾಗೆ ಇರೋ ಜೀವ ಅಂದ್ರೆ ಅದೊಂದೇ. ಆಕಳು ಕೊಟ್ಟಿಗೆಯಿಂದ ಹೋತು, ಕೋಳಿ ಹಿತ್ತಲಿಂದ ಹೋದ್ವು, ಗುಬ್ಬಿ ಜಂತಿ ಜೊತೀಗೇ ಹೋದ್ವು. ಹಲ್ಲಿ ಮಾತ್ರ ಮಣ್ಣಿನ ಮಾಳಿಗೆಯಿಂದ ಆರ್‌ಸಿಸಿ ಮನೀಗೂ ನಮ್ಮ ಜೊತೆ ಬಂದೈತಿ.

ಬರಿಯೋಕೆ ಕಾರಣ ಎರಡು. ಒಂದು, ನಮ್ಮ ಆವರಗೆರೆಯಾಗೆ ಈಗ ಮನೆ ಮನೆಗೂ ಅಂಟಿನ ಹಲಗೆ ಬಂದಾವೆ. ಇಲಿಗೆ ಅಂತ ತರ್ತಾರೆ, ಅದಕ್ಕೆ ಅಂಟಿಕೊಂಡು ಎರಡು ದಿನ ಒದ್ದಾಡಿ ಸಾಯೋದು ಹಲ್ಲಿ. ಇನ್ನೊಂದು, ಅಮೆರಿಕದಾಗೆ ಇರೋ ನಮ್ಮ ಅಕ್ಕನ ಮಗಳು ರೊಕ್ಕ ಕೊಟ್ಟು ಒಂದು ಹಲ್ಲಿ ತಂದು ಗಾಜಿನ ಪೆಟ್ಟಿಗ್ಯಾಗೆ ಸಾಕ್ಯಾಳೆ. ಇಲ್ಲಿ ರೊಕ್ಕ ಕೊಟ್ಟು ಕೊಲ್ಲೋದು, ಅಲ್ಲಿ ರೊಕ್ಕ ಕೊಟ್ಟು ಸಾಕೋದು. ಈ ನಡುವೆ ಏನೇನಾಗೈತಿ ಅಂತ ಒಂದಿಷ್ಟು ಓದಿದೆ, ಒಂದಿಷ್ಟು ಹಿರೇರನ್ನ ಕೇಳಿದೆ.

ಹಲ್ಲಿ ಮನೀಗೆ ಬಂದದ್ದು

ಹಲ್ಲಿ ಮೊದಲು ಇದ್ದದ್ದು ಮನ್ಯಾಗಲ್ಲ. ಬಂಡೆ ಸೀಳು, ಮರದ ತೊಗಟೆ ಸಂದಿ, ಅಲ್ಲಿ ಇತ್ತು. ಈಗಲೂ ದಖ್ಖನ್ನಿನ ಬಂಡೆಗಳಾಗೆ ನಮ್ಮ ಮನೆ ಹಲ್ಲಿಗಿಂತ ಭಾಳ ದೊಡ್ಡ ಹಲ್ಲಿ ಐತಿ, ಅದನ್ನ 1871ರಲ್ಲಿ ಸ್ಟೋಲಿಚ್ಕಾ ಎಂಬ ವಿಜ್ಞಾನಿ ಪುಸ್ತಕಕ್ಕೆ ಸೇರಿಸಿದರು. ಮನುಷ್ಯ ಕಲ್ಲಿನ ಮನೆ, ಕಲ್ಲಿನ ಗುಡಿ ಕಟ್ಟಿದ. ಹಲ್ಲಿ ಲೆಕ್ಕದಾಗೆ ಅದೂ ಒಂದು ಬಂಡೆನೇ. ಹರಿಹರದ ಹರಿಹರೇಶ್ವರ ಗುಡಿಯನ್ನು ಹೊಯ್ಸಳ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಅಲ್ಲಿ ಕಂಬದ ಮ್ಯಾಲಿನ ಸಂದ್ಯಾಗೆ ಹಲ್ಲಿ ಕೂತಿರೋದನ್ನ ಹೋದಾಗೆಲ್ಲ ನೋಡೀನಿ. ಎಂಟುನೂರು ವರ್ಷದಾಗೆ ಎಷ್ಟು ತಲೆಮಾರು ಆಗ್ಯಾವೋ ಏನೋ.

ನಮ್ಮ ಕಡೆ ಹಳೇ ಮನೆ ಹೆಂಗಿದ್ವು ಗೊತ್ತಲ್ಲ. ದಪ್ಪ ಮಣ್ಣಿನ ಗೋಡೆ, ತೊಲೆ, ಜಂತಿ, ಮ್ಯಾಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಜಂತಿ ಸಂದ್ಯಾಗೆ ಹಲ್ಲಿಗೆ ಬೇಕಾದಷ್ಟು ಜಾಗ. ಬುಡ್ಡಿ ದೀಪಕ್ಕೆ ಬರೋ ಹುಳ ಎಷ್ಟಿರ್ತಾವೆ? ನಾಲ್ಕು ಹುಳ, ಒಂದು ಹಲ್ಲಿ. ಕರೆಂಟು ಬಂದ ಮ್ಯಾಲೆ ಲೆಕ್ಕ ಬದಲಾತು. ಶಿವನಸಮುದ್ರದಾಗೆ ಕರೆಂಟು ತಯಾರಾಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಮನೀಗೆ ಬಂದದ್ದು ನಾನು ಸಣ್ಣಾಕಿ ಇದ್ದಾಗ. ಪಡಸಾಲ್ಯಾಗೆ ಒಂದು ಬಲ್ಬು ಹಾಕಿದ್ರು. ಮೊದಲ ಮಳೆ ಬಿದ್ದ ರಾತ್ರಿ ಗೆದ್ದಲು ಹುಳ ರೆಕ್ಕೆ ಹಚ್ಚಿಕೊಂಡು ಆ ಬಲ್ಬಿಗೆ ಮುತ್ತಿದ್ವು. ಅಷ್ಟೊತ್ತಿಗೆ ಎಲ್ಲಿದ್ವೋ ಏನೋ, ಏಳೆಂಟು ಹಲ್ಲಿ ಗೋಡೆ ಮ್ಯಾಲೆ ಪಂಕ್ತಿ ಊಟಕ್ಕೆ ಕೂತಂಗೆ ಸುತ್ತ ಕೂತಿದ್ವು. ದೀಪದ ಹತ್ರ ಜಾಗಕ್ಕೆ ಅವುಗಳಾಗೇ ಜಗಳ. ದೊಡ್ಡದು ಹತ್ರ, ಸಣ್ಣದು ದೂರ. ಟ್ಯೂಬ್‌ಲೈಟ್ ಬಂದ ಮ್ಯಾಲಂತೂ ಅದರ ಪಟ್ಟಿ ಹಿಂದೇನೇ ಮನೆ ಮಾಡಿದ್ವು. ಅಂದ್ರೆ ಹಲ್ಲಿ ಹೆಚ್ಚಾದದ್ದು ನಮ್ಮ ಹೊಲಸಿಂದ ಅಷ್ಟೇ ಅಲ್ಲ, ನಮ್ಮ ಬೆಳಕಿಂದ.

ಗೋಡೆ ಮ್ಯಾಲೆ ತಲೆಕೆಳಗಾಗಿ ಓಡೋದು ಹೆಂಗೆ ಅಂತ ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷದ ಹಿಂದೇನೇ ಬೆರಗಾಗಿ ಬರೆದಿದ್ದ. ಉತ್ತರ ಸಿಕ್ಕಿದ್ದು ಮೊನ್ನೆ ಮೊನ್ನೆ. 2000 ಮತ್ತು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು: ಹಲ್ಲಿ ಪಾದದಾಗೆ ಅಂಟೂ ಇಲ್ಲ, ಹೀರೋ ಬಟ್ಟಲೂ ಇಲ್ಲ. ಕಣ್ಣಿಗೆ ಕಾಣದ ಲಕ್ಷಾಂತರ ಕೂದಲು ಇದಾವೆ, ಒಂದೊಂದು ಕೂದಲ ತುದಿ ಮತ್ತೆ ನೂರಾರು ಸೀಳಾಗೈತಿ. ಆ ತುದಿ ಗೋಡೆಗೆ ಅಷ್ಟು ಹತ್ರ ಹೋಗ್ತಾವೆ ಅಂದ್ರೆ, ಅಣು ಅಣು ನಡುವಿನ ಸೆಳೆತಾನೇ ಹಿಡಕೊಳ್ತೈತಿ. ನಾವು ನಾನ್‌ಸ್ಟಿಕ್ ತವಾಕ್ಕೆ ಹಚ್ಚಿಸ್ತೀವಲ್ಲ, ಟೆಫ್ಲಾನ್, ಅದರ ಮ್ಯಾಲೆ ಮಾತ್ರ ಒಣ ಪಾದ ನಿಲ್ಲಂಗಿಲ್ಲ.

ಶಕುನದ ಚರಿತ್ರೆ

ಹಲ್ಲಿ ಲೊಚಗುಟ್ಟಿದ್ರೆ ಬೆರಳಿಂದ ನೆಲ ಬಡಿದು "ಕೃಷ್ಣ ಕೃಷ್ಣ" ಅನ್ನೋದು ನಮ್ಮೆಲ್ಲರ ಮನ್ಯಾಗೂ ಇತ್ತು. ನಮ್ಮ ಅಜ್ಜಿ "ಶಿವ ಶಿವ" ಅಂತಿದ್ಲು. ಇದು ನಿನ್ನೆ ಮೊನ್ನೆದಲ್ಲ. ತಮಿಳಿನ ಸಂಗಂ ಕಾಲದ 'ನಟ್ರಿಣೈ' ಸಂಗ್ರಹದಾಗೆ ಒಂದು ಪದ್ಯ ಐತಿ: ನವಣೆ ಹೊಲಕ್ಕೆ ನುಗ್ಗೋಕೆ ಬಂದ ಕಾಡುಹಂದಿ, ಹಲ್ಲಿ ದನಿ ಕೇಳಿ ಅಪಶಕುನ ಅಂತ ಹಿಂದಕ್ಕೆ ಸರೀತೈತಿ. ಇನ್ನೂ ಕೆಲವು ಪದ್ಯದಾಗೆ, ದೂರ ಹೋದ ಗಂಡ ಬರ್ತಾನೋ ಇಲ್ಲೋ ಅಂತ ಕಾಯೋ ಹೆಂಗಸಿಗೆ ಗೋಡೆ ಹಲ್ಲಿ ದನಿಯೇ ಧೈರ್ಯ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಮಾತು. ನನಗೆ ಇದು ಹಿಡಿಸ್ತು ನೋಡ್ರಿ. ಒಬ್ಬಾಕೆ ಮನ್ಯಾಗೆ ಕೂತು ಕಾಯೋವಾಗ ಮಾತಾಡೋ ಜೀವ ಇನ್ಯಾವುದಿತ್ತು?

ಆಮೇಲೆ ಶಾಸ್ತ್ರ ಬಂತು. ಆರನೇ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಶಕುನಕ್ಕೇ ಅಂತ ಅಧ್ಯಾಯಗಳಿವೆ. ಅಚ್ಚಿನ ಪಂಚಾಂಗ ಬಂದ ಮ್ಯಾಲೆ 'ಹಲ್ಲಿ ಬಿದ್ದ ಫಲ' ಅನ್ನೋ ಪಟ್ಟಿ ಮನೆ ಮನೆಗೆ ಬಂತು. ತಲೆಯಿಂದ ಕಾಲಿನ ತನಕ ಒಂದೊಂದು ಅಂಗಕ್ಕೆ ಒಂದೊಂದು ಫಲ. ಗಂಡಸಿಗೆ ಬಲಭಾಗ ಒಳ್ಳೇದು, ಹೆಂಗಸಿಗೆ ಎಡಭಾಗ. ಒಂದು ಪಂಚಾಂಗದಾಗೆ ಲಾಭ ಅಂತ ಇದ್ದದ್ದು ಇನ್ನೊಂದರಾಗೆ ನಷ್ಟ ಅಂತ ಇರ್ತೈತಿ. ದೋಷ ಕಳಕೊಳ್ಳೋಕೆ ಸ್ನಾನ, ದೀಪ, ದೇವರ ದರ್ಶನ. ಕಂಚಿಯ ವರದರಾಜ ಸ್ವಾಮಿ ಗುಡಿಯಾಗೆ ಚಾವಣಿಗೆ ಬಂಗಾರದ ಹಲ್ಲಿ, ಬೆಳ್ಳಿ ಹಲ್ಲಿ ಇದಾವೆ, ಮುಟ್ಟಿ ಬಂದ್ರೆ ದೋಷ ಇಲ್ಲ ಅಂತಾರೆ. ನಮ್ಮ ಓಣಿಯಿಂದ ತಿರುಪತಿಗೆ ಹೋದ ಬಸ್ಸು ಕಂಚಿ ಮುಟ್ಟಿಯೇ ಬರೋದು. ಮುಟ್ಟಿ ಬಂದವರನ್ನ ನಾವು ಮುಟ್ಟಿದ್ರೂ ಸಾಕು ಅಂತ ಓಣಿ ಹೆಂಗಸ್ರೆಲ್ಲ ಸಾಲು ಹಚ್ಚೋರು.

ಇದರ ವಿರುದ್ಧ ಹೇಳಿದೋರು ಇರಲಿಲ್ಲ ಅಂತಲ್ಲ. ನಮ್ಮ ನಾಡಿನಾಗೇ ಹನ್ನೆರಡನೇ ಶತಮಾನದ ಶರಣರು ದಿನ, ತಿಥಿ, ಲಗ್ನ, ಶಕುನ ನೋಡಬ್ಯಾಡ್ರಿ ಅಂದಿದ್ರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆ ಪರೀಕ್ಷಿಸೋಕೆ ಸಮಿತಿ ಮಾಡಿದ್ರು. ವಚನ ಹಾಡೋ ಮನ್ಯಾಗೇ ಪಂಚಾಂಗದ ಪಟ್ಟಿ ಗೂಟಕ್ಕೆ ನೇತಾಡ್ತಿತ್ತು. ನಮ್ಮ ಮನ್ಯಾಗೂ ಹಂಗೇ.

ನಮ್ಮ ಅಪ್ಪನ ಚಿಗವ್ವ ಒಬ್ಬಾಕಿ ಇದ್ಲು. ಹದಿನೇಳು ವಯಸ್ಸಿಗೆ ಮದುವೆ ಮಾತಾಗಿ, ವೀಳ್ಯದ ಶಾಸ್ತ್ರಕ್ಕೆ ಗಂಡಿನ ಕಡೆಯೋರು ಬಂದು ಚಾಪೆ ಮ್ಯಾಲೆ ಕೂತಾಗ, ಜಂತಿಯಿಂದ ಒಂದು ಹಲ್ಲಿ ಆಕಿ ಹೆಗಲ ಮ್ಯಾಲೆ ಬಿತ್ತು. ಬಲ ಹೆಗಲು. ಗಂಡಿನ ತಾಯಿ ಪಂಚಾಂಗ ತರಿಸಿ ಓದಿಸಿದ್ಲು. ಎದ್ದು ಹೋದ್ರು. ಊಟ ಸಹ ಮಾಡಲಿಲ್ಲ. ಆಮೇಲೆ ಆಕಿಗೆ ಊರಾಗೆ "ಹಲ್ಲಿ ಬಿದ್ದಾಕಿ" ಅಂತಲೇ ಹೆಸರಾತು. ಐದು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ಕಡೀಗೆ ಎರಡು ಮಕ್ಕಳಿದ್ದ ಎರಡನೇ ಸಂಬಂಧಕ್ಕೆ ಕೊಟ್ರು. ಎಷ್ಟೋ ವರ್ಷದ ಮ್ಯಾಲೆ, ಆ ಗಂಡಿನ ಕಡೆಯೋರೇ ಒಬ್ರು ಒಂದು ಮದುವೆ ಪಂಕ್ತ್ಯಾಗೆ ಬಾಯಿಬಿಟ್ರು: ಬೇರೆ ಊರಾಗೆ ಇವರಿಗಿಂತ ಹೆಚ್ಚು ಬಂಗಾರ ಕೊಡೋ ಸಂಬಂಧ ಬಂದಿತ್ತಂತೆ, ಹೆಂಗೆ ಎದ್ದು ಹೋಗೋದು ಅಂತ ನೆಪ ಹುಡುಕ್ತಿದ್ರಂತೆ. ಹಲ್ಲಿ ನೆಪ, ಬಂಗಾರ ಕಾರಣ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲಿ ಬಂತು, ಹಲ್ಲಿ ನೆಪ ಹೇಳಬಾರದು ಅಂತ ಯಾವ ಕಾಯ್ದೆಯಾಗೂ ಬರೀಲಿಕ್ಕೆ ಬರಂಗಿಲ್ಲ.

ನಮ್ಮ ಚಿಗವ್ವಜ್ಜಿ ಮಾತ್ರ ಸಾಯೋತನಕ ಹಲ್ಲಿಗೆ ಕಸಬರಿಗಿ ಎತ್ತಲಿಲ್ಲ. "ಅದು ಕಾಲು ಜಾರಿ ಬಿತ್ತು ಕಣವ್ವ, ಜಾರಿದ್ದು ಅದು, ಬಿದ್ದಾಕಿ ಅಂತ ಹೆಸರಾದದ್ದು ನನಗೆ" ಅಂತಿದ್ಲು. ಹಲ್ಲಿ ಬೀಳೋದಕ್ಕೆ ಕಾರಣ ಹುಡುಕಿದ್ರೆ ಸಿಕ್ಕೇ ಸಿಗ್ತಾವೆ. ಎರಡು ಹಲ್ಲಿ ಜಗಳ ಆಡ್ತವೆ, ಗೋಡೆ ಹಸಿ ಇರ್ತೈತಿ, ಸುಣ್ಣ ಪುಡಿ ಪುಡಿ ಉದುರ್ತೈತಿ. ಶುಭಕಾರ್ಯ ಅಂತ ನಾವು ಹಿಂದಿನ ದಿನಾನೇ ಸುಣ್ಣ ಬಳದಿರ್ತೀವಿ. ಪುಡಿ ಸುಣ್ಣಕ್ಕೆ ಪಾದ ಹಿಡಿದ್ರೂ ಸುಣ್ಣಾನೇ ಗೋಡೆ ಬಿಟ್ಟು ಬಂದ್ರೆ ಅದೇನು ಮಾಡೀತು?

ಡಿಡಿಟಿ ಬಂದ ಕಾಲ

1953ರಲ್ಲಿ ಸರ್ಕಾರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡ್ತು, 1958ರಲ್ಲಿ ಅದನ್ನೇ ನಿರ್ಮೂಲನ ಕಾರ್ಯಕ್ರಮ ಮಾಡಿದ್ರು. ಮನೆ ಒಳಗೋಡೆಗೆಲ್ಲ ಡಿಡಿಟಿ ಹೊಡೆಯೋದು. ನಮ್ಮವ್ವ ಹೇಳ್ತಿದ್ಲು: ಬೆನ್ನಿಗೆ ಪಂಪು ಕಟ್ಟಿಕೊಂಡು ಬರೋರು, ಪಾತ್ರೆ ಪಗಡ ಎಲ್ಲ ಅಂಗಳಕ್ಕೆ ತಂದಿಡಬೇಕು, ಹೊಡೆದ ಮ್ಯಾಲೆ ಗೋಡೆ ಮ್ಯಾಲೆ ತಾರೀಕು ಬರೆದು ಹೋಗೋರು. ಮರುದಿನ ಗೋಡೆ ಬುಡದಾಗೆ ಜಿರಳೆ, ಜೇಡ, ಹಲ್ಲಿ ಗುಡಿಸಿ ಮೊರದಾಗೆ ತುಂಬಿ ಚೆಲ್ಲಿದ್ಲಂತೆ. ಮಲೇರಿಯಾ ಕಡಿಮೆ ಆದದ್ದು ನಿಜ. ಚಳಿಜ್ವರಕ್ಕೆ ಮಕ್ಕಳನ್ನ ಕಳಕೊಂಡ ತಾಯಂದಿರ ಮುಂದೆ ಹಲ್ಲಿ ಲೆಕ್ಕ ಹೇಳೋಕೆ ಬಾಯಿ ಬರಂಗಿಲ್ಲ.

ಆದ್ರೆ ಒಂದು ಹೊಡೆದ್ರೆ ಇನ್ನೊಂದಕ್ಕೆ ಹತ್ತೋದು ಇದ್ದೇ ಐತಿ. ಬೋರ್ನಿಯೊ ದ್ವೀಪದ ಸರವಾಕ್ ಅನ್ನೋ ಕಡೆ ಇಂಥದೇ ಕಾಲದಾಗೆ ಬೆಕ್ಕುಗಳು ಕಡಿಮೆ ಆಗಿ, 1960ರಲ್ಲಿ ಬ್ರಿಟಿಷ್ ವಾಯುಪಡೆ ಬೆಕ್ಕುಗಳನ್ನ ಪ್ಯಾರಾಚೂಟಿನಾಗೆ ಇಳಿಸ್ತು. ಡಿಡಿಟಿ ತಿಂದ ಹುಳ ಹಲ್ಲಿ ತಿಂದು, ಹಲ್ಲೀನ ಬೆಕ್ಕು ತಿಂದು ಸತ್ವು ಅಂತ ಕಥೆ. ಈ ಕಥೆಗೆ ಉಪ್ಪು ಖಾರ ಹಚ್ಚಿದೋರು ಭಾಳ ಮಂದಿ, ಬೆಕ್ಕು ಇಳಿಸಿದ್ದಂತೂ ನಿಜ.

ಗಾಜಿನ ಪೆಟ್ಟಿಗ್ಯಾಗೆ

ಈಗ ಅಕ್ಕನ ಮಗಳ ಹಲ್ಲಿಗೆ ಬರೋಣ. ಅದಕ್ಕೆ 'ಲೆಪರ್ಡ್ ಗೆಕೊ' ಅಂತಾರೆ, ಚಿರತೆ ಹಲ್ಲಿ. ಹಳದಿ ಮೈ, ಕರೀ ಚುಕ್ಕಿ, ದಪ್ಪ ಬಾಲ. ಅಮೆರಿಕದ್ದು ಅಂದ್ಕೊಂಡಿದ್ದೆ. ಅಲ್ಲ, ನಮ್ಮ ಕಡೇದೇ! ಪಂಜಾಬಿನ ಉಪ್ಪಿನ ಬೆಟ್ಟಸಾಲಿನಿಂದ, ಅಂದ್ರೆ ಈಗಿನ ಪಾಕಿಸ್ತಾನದಿಂದ ಹೋದದ್ದನ್ನ ನೋಡಿ, ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿ ಮ್ಯೂಸಿಯಂ ನೋಡಿಕೊಳ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಅದಕ್ಕೆ ಹೆಸರಿಟ್ಟ. ಇವತ್ತು ಅಲ್ಲಿನೋರು ಸಾಕೋ ಹಲ್ಲಿಗಳಾಗೆ ಅದೇ ಮುಂದು. ತಲೆಮಾರುಗಟ್ಟಲೆ ಸಾಕಿದೋರ ಮನ್ಯಾಗೇ ಹುಟ್ಟಿ ಬೆಳೆದದ್ದನ್ನ ಮಾರ್ತಾರೆ. ನಮ್ಮ ಹಲ್ಲಿಗೆ ಕಣ್ಣೆವೆ ಇಲ್ಲ, ನಾಲಿಗೆಯಿಂದ ಕಣ್ಣು ಒರೆಸಿಕೊಳ್ತೈತಿ. ಅದಕ್ಕೆ ಎವೆ ಐತಿ, ಮುಚ್ಚಿ ಮಲಗ್ತೈತಿ. ಗೋಡೆ ಹತ್ತೋಕೆ ಮಾತ್ರ ಬರಂಗಿಲ್ಲ.

ಅದರ ಆರೈಕೆ ಕೇಳಿದ್ರೆ ಬಾಣಂತನ ನೆನಪಾತು ನನಗೆ. ಪೆಟ್ಟಿಗೆ ಒಂದು ಕಡೆ ಬೆಚ್ಚಗೆ, ಸುಮಾರು 32 ಡಿಗ್ರಿ, ಇನ್ನೊಂದು ಕಡೆ ತಂಪು, 25ರ ಆಸುಪಾಸು. ತನಗೆ ಬೇಕಾದ ಕಡೆ ತಾನೇ ಹೋಗ್ತೈತಿ. ಎರಡೂ ಕಡೆ ಅವಿತುಕೊಳ್ಳೋಕೆ ಗೂಡು. ನಡುವೆ ಒಂದು ಹಸಿ ಪಾಚಿ ಹಾಕಿದ ಡಬ್ಬಿ, ಪೊರೆ ಬಿಡೋವಾಗ ಅದರಾಗೆ ಕೂರ್ತೈತಿ. ಪೊರೆ ಬಿಟ್ಟ ಮ್ಯಾಲೆ ಬೆರಳೆಲ್ಲ ನೋಡಬೇಕು, ಬೆರಳಿಗೆ ಪೊರೆ ಸುತ್ತಿಕೊಂಡು ಉಳಿದ್ರೆ ರಕ್ತ ಓಡದೆ ಬೆರಳೇ ಉದುರಿ ಹೋಗ್ತೈತಿ. ಊಟಕ್ಕೆ ಜೀವಂತ ಚಿಮ್ಮಂಡಿ, ಹಿಟ್ಟಿನ ಹುಳ. ಮರಿಗೆ ದಿನಾ, ದೊಡ್ಡದಕ್ಕೆ ದಿನ ಬಿಟ್ಟು ದಿನ. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಬೇಕು, ಇಲ್ಲಂದ್ರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟ ಆಗ್ತಾವೆ. ಹೊಟ್ಟಿ ತುಂಬಿದ್ದು ಬಾಲದಾಗೆ ಗೊತ್ತಾಗ್ತೈತಿ, ಕೊಬ್ಬು ಕೂಡಿಡೋದು ಅಲ್ಲೇ. ಬಾಲ ಸಣ್ಣಗಾದ್ರೆ ಡಾಕ್ಟರ್ ಹತ್ರ. ದಿನಾ ಹಿಕ್ಕೆ ತೆಗೀಬೇಕು, ನೀರಿನ ಬಟ್ಟಲು ತೊಳೀಬೇಕು, ಹಾಸಿದ ಪೇಪರ್ ಬದಲಿಸಬೇಕು, ತಿಂಗಳಿಗೊಮ್ಮೆ ಪೆಟ್ಟಿಗೆ ಪೂರಾ ಖಾಲಿ ಮಾಡಿ ತೊಳೀಬೇಕು, ಮುಟ್ಟಿದ ಮ್ಯಾಲೆ ಸೋಪು ಹಚ್ಚಿ ಕೈ ತೊಳೀಬೇಕು. ಇಷ್ಟು ಮಾಡಿದ್ರೆ 15–20 ವರ್ಷ ಬದುಕ್ತೈತಿ.

"ಇಷ್ಟು ಸೇವಾ ನನ್ನ ಅತ್ತೀಗೂ ನಾನು ಮಾಡಿಲ್ಲ ಕಣೇ" ಅಂದೆ. ಆಕಿ ನಕ್ಕು, "ಚಿಗವ್ವ, ನಿಮ್ಮನ್ಯಾಗಿನ ಹಲ್ಲಿಗೆ ಪೆಟ್ಟಿಗಿ ಅಂದ್ರೆ ನಿಮ್ಮ ಮನೇನೇ. ಬೆಚ್ಚಗೆ ಟ್ಯೂಬ್‌ಲೈಟ್ ಪಟ್ಟಿ, ತಂಪಿಗೆ ದೇವರ ಫೋಟೋ ಹಿಂದೆ, ನೀರಿಗೆ ಬಚ್ಚಲು. ನೀವು ಸಾಕ್ತಾನೇ ಇದ್ದೀರಿ, ಒಪ್ಪಿಕೊಳ್ಳಂಗಿಲ್ಲ ಅಷ್ಟೇ" ಅಂದ್ಲು. ಮಾತು ಖರೇನೇ.

ಹಂಗಂತ ಮಕ್ಕಳು ಕೇಳಿದ್ರು ಅಂತ ಹೊಲ ಗುಡ್ಡದಿಂದ ಯಾವುದನ್ನೂ ಹಿಡಿದು ತಂದು ಡಬ್ಬ್ಯಾಗೆ ಹಾಕಬ್ಯಾಡ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಐತಿ, ಅದಕ್ಕೂ ಮೊದಲು ಪಾಪ ಐತಿ. ಈಶಾನ್ಯ ರಾಜ್ಯಗಳಾಗೆ 'ಟೋಕೆ' ಅನ್ನೋ ದೊಡ್ಡ ಹಲ್ಲಿ ಇರ್ತೈತಿ. ಅದರಿಂದ ಏಡ್ಸ್ ವಾಸಿ ಆಗ್ತೈತಿ ಅಂತ ಯಾರೋ ಗಾಳಿಸುದ್ದಿ ಹಬ್ಬಿಸಿ, ಹಿಡಿದು ಮಾರೋ ದಂಧೆ ಬೆಳೀತು. 2011ರಲ್ಲಿ ಫಿಲಿಪೀನ್ಸ್ ಆರೋಗ್ಯ ಇಲಾಖೆ ಇದಕ್ಕೆ ಯಾವ ಆಧಾರ ಇಲ್ಲ ಅಂತ ಎಚ್ಚರಿಕೆ ಕೊಡಬೇಕಾತು. 2019ರಲ್ಲಿ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದಡಿ ಕಡಿವಾಣ ಬಿತ್ತು.

ನಮ್ಮ ಹಲ್ಲಿ ಜೊತೆ ಸಂಸಾರ

ನಮ್ಮ ಹಿರೇರು ಮಾಡ್ತಿದ್ದದ್ದಕ್ಕೆ, ಈಗ ಗೊತ್ತಿರೋದನ್ನ ಕೂಡಿಸಿ ಹೇಳ್ತೀನಿ.

ಅಡುಗೆ ಮೊದಲು. ಹಲ್ಲಿಗೆ ವಿಷ ಇಲ್ಲ, ಹಲ್ಲಿನಾಗೂ ಇಲ್ಲ, ಚರ್ಮದಾಗೂ ಇಲ್ಲ. ಸಾಲಿ ಬಿಸಿಯೂಟದ ಸಾರಿಗೆ ಹಲ್ಲಿ ಬಿತ್ತು ಅಂತ ಪೇಪರಿನಾಗೆ ಬಂದಾಗೆಲ್ಲ ವಿಷ ವಿಷ ಅಂತಾರೆ. ಆದ್ರೆ ಅದರ ಹೊಟ್ಟ್ಯಾಗೆ, ಹಿಕ್ಕ್ಯಾಗೆ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು, ಅದರಿಂದ ವಾಂತಿ ಭೇದಿ ಆಗ್ತೈತಿ. ಹಂಗಾಗಿ ಬಿದ್ದ ಅಡುಗೆ ಚೆಲ್ಲಲೇಬೇಕು, ಆದ್ರೆ ಮಕ್ಕಳನ್ನ ಹೆದರಿಸಬಾರದು. ಅಜ್ಜಿ ಕಾಲದಾಗೆ ಹಾಲು ಮೊಸರು ನೆಲುವಿನ ಮ್ಯಾಲೆ, ಮ್ಯಾಲೊಂದು ತಟ್ಟೆ ಮುಚ್ಚಿಯೇ ಇಡ್ತಿದ್ರು. ಈಗ ನಾವು ಗ್ಯಾಸ್ ಕಟ್ಟೆ ಮ್ಯಾಲೆ ಟ್ಯೂಬ್‌ಲೈಟ್ ಹಾಕಿ, ಕೆಳಗೆ ಪಾತ್ರೆ ಬಾಯಿ ತೆರೆದು ಇಡ್ತೀವಿ. ದೀಪ ಒಲೆಗೆ ನೇರ ಮ್ಯಾಲೆ ಇರದಂಗೆ ನೋಡಿಕೊಳ್ರಿ, ಮುಚ್ಚಳ ಮರೀಬ್ಯಾಡ್ರಿ.

ಹಿಕ್ಕೆ ಒಣಗಿದ್ದನ್ನ ಹಂಗೇ ಗುಡಿಸಬ್ಯಾಡ್ರಿ, ಪುಡಿ ಏಳ್ತೈತಿ. ಸೋಪಿನ ನೀರಿನ ಬಟ್ಟೆ ಒಂದು ನಿಮಿಷ ಮ್ಯಾಲೆ ಇಟ್ಟು ಒರೆಸ್ರಿ. ಕರೀ ತುಂಡಿನ ತುದಿಗೆ ಬಿಳೀದು ಇರ್ತೈತಲ್ಲ, ಅದು ಅದರ ಮೂತ್ರನೇ, ಗಟ್ಟಿ ರೂಪದಾಗೆ. ನೀರು ಉಳಿಸೋ ಜಾಣತನ. ಬಟ್ಟೆ ಅಡುಗೆಮನೇದು ಬ್ಯಾರೆ, ಇದು ಬ್ಯಾರೆ ಇರ್ಲಿ.

ಉಗಾದಿಗೆ, ದುಗ್ಗಮ್ಮನ ಜಾತ್ರೆಗೆ ಸುಣ್ಣ ಬಣ್ಣ ಮಾಡೋವಾಗ ಫೋಟೋ ಹಿಂದೆ ಎರಡೆರಡು ಬಿಳೀ ತತ್ತಿ ಸಿಗ್ತಾವೆ, ಪೆಪ್ಪರಮಿಂಟಿನಷ್ಟು. ಒಂದು ಸಲಕ್ಕೆ ಎರಡೇ ಇಡೋದು, ಮರಿ ಆಗೋಕೆ ಒಂದೂವರೆ ಎರಡು ತಿಂಗಳು ಬೇಕು. ಚಿಗವ್ವಜ್ಜಿ ಅವನ್ನ ಹತ್ತಿ ಮ್ಯಾಲಿಟ್ಟು ಹಿತ್ತಲ ಗೋಡೆ ಸಂದ್ಯಾಗೆ ಇಡ್ತಿದ್ಲು, ಹೊರಳಿಸದಂಗೆ, ಇದ್ದಂಗೇ. ಅಷ್ಟು ಸಾಕು.

ಸಂಖ್ಯೆ ಕಡಿಮೆ ಆಗಬೇಕಾ? ಹುಳ ಕಡಿಮೆ ಮಾಡ್ರಿ. ಹೊರಗಿನ ದೀಪ ಹಳದಿ ಹಾಕ್ರಿ, ಬಿಳಿಗಿಂತ ಹಳದಿಗೆ ಹುಳ ಕಡಿಮೆ ಬರ್ತಾವೆ. ಸಂಜೆ ಕಿಟಕಿಗೆ ಜಾಳಿಗೆ ಹಾಕ್ರಿ, ಸ್ವಿಚ್ ಬೋರ್ಡಿನ ತೂತು ಮುಚ್ಚಿಸ್ರಿ, ಒಳಗೆ ಹೋಗಿ ಅದೂ ಸಾಯ್ತೈತಿ ಕರೆಂಟೂ ಕೆಡ್ತೈತಿ. ಅಂಟಿನ ಹಲಗೆ ಬ್ಯಾಡ್ರಿ. ಆಗಲೇ ಅಂಟಿಕೊಂಡಿದ್ರೆ ಎಳೀಬ್ಯಾಡ್ರಿ, ಅಡುಗೆ ಎಣ್ಣೆ ಹನಿ ಹನಿ ಬಿಟ್ಟು ಕಡ್ಡಿಯಿಂದ ಮೆಲ್ಲಗೆ ಬಿಡಿಸ್ರಿ. ಬಾಲ ಕಳಕೊಂಡ್ರೂ ಮತ್ತೆ ಬರ್ತೈತಿ. ಹೊಸ ಬಾಲದಾಗೆ ಮೂಳೆ ಇರಂಗಿಲ್ಲ, ಮೆದು ಎಲುಬು ಇರ್ತೈತಿ, ಆದ್ರೂ ಸಂಸಾರ ನಡೀತೈತಿ.

ಇನ್ನು ಲೊಚಗುಟ್ಟೋದು. ಅದು ಅವುಗಳ ಮಾತು, ಇದು ನನ್ನ ಜಾಗ ಅನ್ನೋದು, ಜೋಡಿ ಕರೆಯೋದು. ನೆಲ ಬಡಿದು ಕೃಷ್ಣ ಅನ್ನೋದು ರೂಢಿ ಇದ್ರೆ ಅನ್ರಿ, ಶಿವ ಅನ್ರಿ, ದೇವರ ಹೆಸರು ಬಾಯಿಗೆ ಬಂದ್ರೆ ಯಾರಿಗೂ ನಷ್ಟ ಇಲ್ಲ. ಮೈ ಮ್ಯಾಲೆ ಬಿದ್ರೆ ಸ್ನಾನ ಮಾಡ್ರಿ, ಹೆಂಗಿದ್ರೂ ಒಳ್ಳೇದೇ. ಆದ್ರೆ ಹೆಣ್ಣು ನೋಡೋಕೆ ಹೋದ ಮನ್ಯಾಗೆ, ಬಸುರಿ ಇರೋ ಮನ್ಯಾಗೆ, ಸೊಸಿ ಹೊಸದಾಗಿ ಬಂದ ಮನ್ಯಾಗೆ ಪಂಚಾಂಗ ತರಸ್ರಿ ಅಂತ ಯಾರಾದ್ರೂ ಅಂದ್ರೆ, ಅಲ್ಲಿರೋ ಹೆಂಗಸ್ರಾಗೆ ಒಬ್ಬಾಕಿ ಆದ್ರೂ "ಬ್ಯಾಡ ಬಿಡ್ರಿ, ಕಾಲು ಜಾರೈತಿ" ಅನ್ರಿ. ನಮ್ಮ ಚಿಗವ್ವಜ್ಜಿ ಪರವಾಗಿ ಅವತ್ತು ಚಾಪೆ ಮ್ಯಾಲೆ ಕೂತಿದ್ದ ಹನ್ನೆರಡು ಮಂದ್ಯಾಗೆ ಒಬ್ರೂ ಅನ್ನಲಿಲ್ಲ.

ನಿಮ್ಮ ಮನ್ಯಾಗೆ ಹಲ್ಲಿ ಬಗ್ಗೆ ಅಜ್ಜಿ ಏನು ಹೇಳ್ತಿದ್ಲು, ಯಾವ ದೇವರ ಹೆಸರು ಹೇಳ್ತಿದ್ರಿ, ಬರೀರಿ. ಹರಿಹರದ ಕಡೆ ಬ್ಯಾರೆ ಮಾತು ಐತಿ ಅಂತ ನಮ್ಮ ಅತ್ತಿಗೆ ಹೇಳ್ತಾಳೆ. ಅಲ್ಲಿನೋರು ಯಾರಾದ್ರೂ ಹೇಳ್ರಿ.